ಮೀನಿಗೆ ಹಾಸಿದ ಪರಸಿ

ಅತಿಥಿಗಳನ್ನು ಕೆಸರಿನಲ್ಲಿ ಕೂರಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಪಕ್ಕದ ಮನೆಯ ಅನ್ವರಬಿ ಸುರಪುರದ ಮಗಳ ಮನೆಗೆ ಹೊರಟಾಗ, ತಮ್ಮ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಎರಡು ಏಂಜಲ್ ಮೀನುಗಳನ್ನೂ ನನ್ನ ಸುಪರ್ದಿಗೆ ಒಪ್ಪಿಸಿದರು. ನಾನು ಮೊದಲು ನೋಡಿದ್ದು ಮೀನುಗಳನ್ನಲ್ಲ, ತೊಟ್ಟಿಯ ತಳವನ್ನು. ಅಲ್ಲಿ ಇದ್ದಿಲಿನಂಥ ಕಪ್ಪು ಮರಳಿತ್ತು.

“ಚಿಂತಿ ಮಾಡಬ್ಯಾಡ್ರಿ. ಎರಡನ್ನೂ ಜೀವಂತ ನಿಮ್ಮ ಕೈಗೆ ಕೊಡ್ತೀನಿ. ಅಮೃತಮ್ಮನ ಮಾತಂದ್ರ ಮಾತು,” ಎಂದೆ. ಶಹಾಪುರದ ನಮ್ಮ ಓಣಿಯಲ್ಲಿ ನನ್ನ ಮಾತು ತಪ್ಪಿದ್ದನ್ನು ಕಂಡವರಿಲ್ಲ.

ಅವರ ಬಸ್ಸು ಊರು ದಾಟುವ ಮೊದಲೇ ಆ ಮರಳು ಹಿತ್ತಲಿನ ಬೇವಿನ ಬುಡ ಸೇರಿತು. ನಡುಮನೆಗೆ ನೆಲ ಹಾಸಿದಾಗ ಉಳಿದ ಪರಸಿ ಕಲ್ಲಿನ ತುಂಡೊಂದು ಗೋಡೆಗೆ ಒರಗಿತ್ತು. ಅದನ್ನು ಒಡೆದು ಚೂರು ಮಾಡುವಂತೆ ಯಜಮಾನರಾದ ಮಲ್ಲಿನಾಥರಿಗೆ ಆಜ್ಞಾಪಿಸಿದೆ.

“ಮೀನಿಗೂ ಪರಸಿ ಬೇಕೇನು?” ಎಂದರು ಅವರು, ಸುತ್ತಿಗೆ ಹಿಡಿದು.

“ಮಣ್ಣಿನ ನೆಲದಾಗ ಕುಂದ್ರಸ್ಲಿ ಏನು? ಮರ್ಯಾದಸ್ತರ ಮನಿ ಇದು.”

ಚೂರುಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ತಳಕ್ಕೆ ಹಾಸಿದೆ. ಹೊಸದಾಗಿ ಗೃಹಪ್ರವೇಶ ಮಾಡಿದ ಮೀನುಗಳು ಮಾತ್ರ ಸಂತೋಷಪಡುವ ಲಕ್ಷಣ ತೋರಲಿಲ್ಲ. ರೆಕ್ಕೆ ಮುದುಡಿಕೊಂಡು ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ನಾನು ದಂಗಾದೆ. ಇಷ್ಟು ಶುಚಿಯಾದ ಮನೆಯಲ್ಲಿ ಕಾಯಿಲೆ ಬೀಳುವ ಧೈರ್ಯ ಈವರೆಗೆ ಯಾರೂ ಮಾಡಿರಲಿಲ್ಲ.

ಯಜಮಾನರು ಯಾದಗಿರಿಯ ಮೀನಿನ ಅಂಗಡಿಯಿಂದ ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳನ್ನು ತಂದರು. ಅದ್ದಿ ನೋಡಿದೆ: ಪ್ರತ್ಯಾಮ್ಲ, ಅದೂ ವಿಪರೀತ. (ಸಂಜೆಶಾಲೆಯಲ್ಲಿ ಕುಳಿತು ಹತ್ತನೆಯ ತರಗತಿ ಪಾಸು ಮಾಡಿದವಳು ನಾನು, ಪ್ರತ್ಯಾಮ್ಲಕ್ಕೆ ಆಮ್ಲವೇ ಮದ್ದು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.) ನಿಂಬೆಹಣ್ಣು ಹಿಂಡಿದೆ. ಕಲ್ಲುಗಳ ನಡುವಿನಿಂದ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಮೀನುಗಳಿಗೆ ಪ್ರಾಣವಾಯು ದೊರೆಯಿತೆಂದು ಹಿಗ್ಗಿದೆ. ಪಟ್ಟಿಯ ಬಣ್ಣವೂ ಇಳಿಯಿತು.

ಬೆಳಗಾಗುವಷ್ಟರಲ್ಲಿ ಬಣ್ಣ ಮತ್ತೆ ಏರಿತ್ತು. ಮೀನುಗಳು ವಾಲಿಕೊಂಡು ತೇಲುತ್ತಿದ್ದವು.

ಎಲೆ ಮೆಲ್ಲುತ್ತ ಕುಳಿತಿದ್ದ ಯಜಮಾನರ ಕಡೆ ತಿರುಗಿದೆ. “ನಿಮ್ಮ ಸುಣ್ಣದ ಡಬ್ಬಿ ತೋರಸ್ರಿ.”

“ಯಾಕ?”

“ನೀರಾಗ ಯಾರೋ ಸುಣ್ಣ ಕೂಡಸಾಕತ್ಯಾರ.”

“ನಾ ಮೀನಿಗೆ ಎಲಿ ಮಡಚಿ ಕೊಡಾಕತ್ತೀನಿ ಅಂತೀಯೇನು?”

ಡಬ್ಬಿ ಜಪ್ತಿಯಾಯಿತು. ನಿಂಬೆಹಣ್ಣಿನ ಸೇವೆ ಮುಂದುವರಿಯಿತು. ಹಿಂಡಿದಷ್ಟೂ ಬಣ್ಣ ಇಳಿಯುವುದು, ಮತ್ತೆ ಏರುವುದು. ಪಾಪ, ಮೀನುಗಳಿಗೆ ಒಂದೇ ತೊಟ್ಟಿಯಲ್ಲಿ ಎರಡು ಲೋಕಗಳ ಯಾತ್ರೆಯಾಯಿತು. ಅನ್ವರಬಿಯ ಮುಂದೆ ತಲೆ ತಗ್ಗಿಸಿ ನಿಂತ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಊಟ ರುಚಿಸಲಿಲ್ಲ.

ಆ ಮಧ್ಯಾಹ್ನ ಯಜಮಾನರು ನಿಂಬೆ ಶರಬತ್ತು ಕುಡಿಯುತ್ತ ಎರಡು ಹನಿಗಳನ್ನು ನೆಲಕ್ಕೆ ಚೆಲ್ಲಿದರು.

“ಒರಸ್ರಿ ಮೊದಲು,” ಎಂದು ಗದರಿಸಿದೆ. “ಪರಸಿ ಮ್ಯಾಲ ಹುಳಿ ಬಿದ್ರ ಕಲ್ಲು ಕರಗಿ ಸುಣ್ಣ ಬಿಡ್ತದಂತ ಎಷ್ಟು ಸಲ ಹೇಳ…”

ಬಾಯಿ ತೆರೆದಂತೆಯೇ ಉಳಿಯಿತು. ಯಜಮಾನರು ನೆಲವನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿ, ತಮ್ಮ ಸುಣ್ಣದ ಡಬ್ಬಿಗಾಗಿ ಕೈ ಚಾಚಿದರು.

ಮರ್ಯಾದಸ್ತರ ಕಲ್ಲುಗಳನ್ನು ಹೊರಹಾಕಿದೆ. ಬೇವಿನ ಬುಡದಲ್ಲಿ ಕುಳಿತು ಕಪ್ಪು ಮರಳನ್ನು ಜರಡಿ ಹಿಡಿದು ಮರಳಿ ತಂದೆ. ಶುದ್ಧ ನೀರಿನ ಘಟಕದ ಕ್ಯಾನಿನಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿದೆ. ಮೀನುಗಳು ನಿಧಾನವಾಗಿ ರೆಕ್ಕೆ ಬಿಚ್ಚಿದವು.

ಅನ್ವರಬಿ ಬಂದವರೇ ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು.

“ಇನ್ನಾ ಅದಾವಲ್ರೀ,” ಎಂದರು. ಆ ಧ್ವನಿಯಲ್ಲಿ ಸಂತೋಷಕ್ಕಾಗಿ ಹುಡುಕಿದೆ, ಸಿಗಲಿಲ್ಲ.

“ಮಾತು ಕೊಟ್ಟಿದ್ದೆ.”

“ಅಕ್ಕಾ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗ ಸೊಹೇಲ್ ಶೋಕಿಗೆ ತಂದಿಟ್ಟ, ಈಗ ಹೊಳ್ಳಿ ನೋಡಂಗಿಲ್ಲ. ನೀರು ಹೊತ್ತು ನನ್ನ ಸೊಂಟ ಹೋತು. ಹೊರಗ ಚೆಲ್ಲಾಕ ಮನಸ್ಸು ಬರಲಿಲ್ಲ. ನಿಮ್ಮ ಮನ್ಯಾಗ ಬಿಟ್ರ ನೀವು ತಿಕ್ಕಿ ತೊಳದು ವಾರದಾಗ ಮುಗಸ್ತೀರಂತ ಪೂರಾ ಭರೋಸಾ ಇತ್ರಿ.”

ನಾನು ಕಾಪಾಡಿದ ಮಾನಕ್ಕೆ ಓಣಿಯಲ್ಲಿ ಇದ್ದ ಬೆಲೆ ಇದು.

“ಆ ಭರೋಸಾ ನನಗೂ ಇತ್ತು,” ಎಂದರು ಯಜಮಾನರು, ತೊಟ್ಟಿಯ ಬಳಿ ಬಗ್ಗುತ್ತ. ಬಗ್ಗಿದವರು ಹಾಗೆಯೇ ನಿಂತರು. “ಏ, ಇಲ್ಲಿ ನೋಡ್ ಬಾ. ಗಾಜಿಗೆ ರವಾ ಅಂಟಿಸಿದಂಗ ಏನೋ ಅದ.”

ಅನ್ವರಬಿ ಇಣುಕಿದರು. ಸೊಂಟ ಹೋದವರೆಂದು ಯಾರೂ ಹೇಳದಷ್ಟು ಚುರುಕಾಗಿ ಬಾಗಿಲಿಗೆ ನಡೆದು ಚಪ್ಪಲಿ ಮೆಟ್ಟಿಕೊಂಡರು.

“ಮೊಟ್ಟಿ ಇಟ್ಟದ್ರೀ ಅಕ್ಕಾ, ಮುಬಾರಕ್,” ಎಂದರು ಅಂಗಳದಿಂದ. “ಚೊಚ್ಚಲ ಬಾಣಂತನ ತವರುಮನ್ಯಾಗ ಆಗೂದೇ ಚಂದ. ಇನ್ನ ನಾ ಒಯ್ಯೂದು ಸರಿ ಅಲ್ಲ.”