ಲೆಕ್ಕದ ಪತ್ತೇದಾರನೂ ತಿರುಗುವ ಖಣವೂ

ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಗಂಭೀರ ಘಟನೆಯೊಂದು ಸಂಭವಿಸಿತು. ನಾನು ಚಹಾದಂಗಡಿಗೆ ಕಾಲಿಟ್ಟ ಕೂಡಲೇ ಅಲ್ಲಿದ್ದ ವ್ಯಾಪಾರಿಗಳು ಅರ್ಧ ಚಹಾ ಬಿಟ್ಟು ಎದ್ದುಹೋದರು. ಪ್ರಾಣಹಾನಿಯ ವರದಿಯಿಲ್ಲ. ನಾನು ಫೊರೆನ್ಸಿಕ್ ಅಕೌಂಟಂಟ್, ಅಂದರೆ ಲೆಕ್ಕದಲ್ಲಿ ಅಡಗಿದ ಮೋಸ ಹುಡುಕುವವನು. ಈ ಉದ್ಯೋಗದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನನ್ನ ಲಗ್ನ ನಿಂತದ್ದೂ ಇದರಿಂದಲೇ. ಉದ್ಯೋಗ ಕೇಳಿದ ಮೇಲೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಮನೆಯಲ್ಲಿ

ಕೋರ್ಸ್ ಸೇರುತ್ತೇನೆಂದಾಗ ಅವ್ವ ಕೇಳಿದ್ದಳು: "ಕಳ್ಳರ್ನ ಹಿಡಿಯಾಕ ಪೊಲೀಸರಿಲ್ಲೇನು?"

"ಅವರು ಗ್ವಾಡಿ ಹಾರೋರ್ನ ಹಿಡೀತಾರವ್ವ. ನಾ ಗಾದಿ ಮ್ಯಾಲ ಕುಂತವರ್ನ ಹಿಡೀತೀನಿ."

ಸೀರೆ ಅಂಗಡಿಯ ಸೋದರಮಾವ ತಲೆಯ ಮೇಲೆ ಕೈ ಹೊತ್ತ. "ಅಂದ್ರ ಬರೇ ನಮ್ಮ ಬೀಗರನ್ನ!"

ಟ್ರಂಕಿನಲ್ಲಿ

ವಸ್ತುವೊಂದು ಕೈಯಿಂದ ಕೈಗೆ ಹೋಗುವುದನ್ನು ಹಿಂಬಾಲಿಸಿ ಕಲಿಯಿರಿ ಎಂದು ಗುರುಗಳು ಹೇಳಿದ್ದರು. ನಮ್ಮ ಕಡೆ ಉಡಿ ತುಂಬಿದ ಕುಪ್ಪಸದ ಖಣವನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು, ಮುಂದೆ ಬಂದವರ ಉಡಿಗೆ ಹಾಕಿ ಕಳಿಸುತ್ತಾರೆ. ಅವ್ವನ ಟ್ರಂಕಿನಲ್ಲಿದ್ದ ಕೆಂಪು ಖಣವೊಂದರ ಮೂಲೆಗೆ ಗುಟ್ಟಾಗಿ ನೀಲಿ ದಾರದ ಗಂಟು ಹಾಕಿಟ್ಟೆ. ಒಂದು ವಾರಕ್ಕೆ ಖಣ ನಾಪತ್ತೆ. ತನಿಖೆ ಶುರುವಾಗುವ ಮೊದಲೇ ಆರೋಪಿ ಪರಾರಿಯಾದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ರೋಣದಲ್ಲಿ

ಅವ್ವನ ಗೆಳತಿಯ ಗಂಡ ರೋಣದಲ್ಲಿ ಎಣ್ಣೆ ವ್ಯಾಪಾರಿ. ನನ್ನನ್ನು ಕರೆಸಿ ಅಬ್ಬರಿಸಿದರು: "ಡಬ್ಬಿ ಕಡಿಮಿ ಬೀಳಾಕತ್ತಾವು. ಯಾವನರ ಇರ್ಲಿ, ಹೆಸರು ಹೇಳ್ರಿ, ಜೈಲಿಗೆ ಹಾಕಸ್ತೀನಿ!"

ಹುಡುಕಿದೆ. ಡಬ್ಬಿಗಳು ಅಸೂಟಿಯಲ್ಲಿ, ಅವರ ಹೆಂಡತಿಯ ತವರಿನಲ್ಲಿ, ಕ್ಷೇಮವಾಗಿದ್ದವು. ಬಂದು ಹೇಳಿದೆ. ಸಾಹುಕಾರರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಅಂದರು: "ಇನ್ನೊಮ್ಮೆ ಹುಡುಕ್ರಿ. ಬ್ಯಾರೆ ಯಾರರ ಸಿಗ್ತಾರೇನ ನೋಡ್ರಿ."

ನರಗುಂದದಲ್ಲಿ

ಕಡೆಗೆ ನರಗುಂದದಲ್ಲಿ ಕಾಳಿನ ದಲ್ಲಾಳಿ ಮಾಡುವ ಅಡತಿ ಅಂಗಡಿಯವರೊಬ್ಬರು ಹೆಣ್ಣು ತೋರಿಸಲು ಒಪ್ಪಿದರು. ಹುಡುಗಿ ನನಗೆ ಬಹಳ ಹಿಡಿಸಿದಳು. ಆಕೆಯ ತಂದೆ ಗಂಟಲು ಸರಿಮಾಡಿಕೊಂಡರು. "ಆ ಕೆಲಸ ಒಂದು ಬಿಟ್ರ ಹುಡುಗಿ ಕೊಡ್ತೀವ್ರಿ."

"ಹೂಂ ಅನ್ನೋ," ಎಂದು ಅವ್ವ ತಿವಿದಳು.

ಅನ್ನುವವನಿದ್ದೆ. ಅಷ್ಟರಲ್ಲಿ ಹುಡುಗಿಯ ತಾಯಿ ಅವ್ವನಿಗೆ ಉಡಿ ತುಂಬಲು ಖಣ ತಂದರು. ಕೆಂಪು ಖಣ. ಮೂಲೆಯಲ್ಲಿ ನೀಲಿ ಗಂಟು.

ನಾಲಿಗೆ ನನ್ನ ಮಾತು ಕೇಳಲಿಲ್ಲ. "ಅವ್ವಾರ, ಈ ಖಣ ಎಲ್ಲಿಂದ ಬಂತ್ರಿ?"

"ರೋಣದ ಎಣ್ಣಿ ಅಂಗಡಿಯವರು ಉಡಿ ತುಂಬಿದ್ರಪಾ," ಎಂದವರು ನಾಲಿಗೆ ಕಚ್ಚಿಕೊಂಡರು.

"ಅವರಿಗೆ ಕೊಟ್ಟಾವರು ಯಾರು?" ಎಂದೆ.

ಅವ್ವ ಜಂತಿ ಎಣಿಸತೊಡಗಿದಳು. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂತು. ಈ ಸಂಬಂಧವೂ ಹೋಯಿತೆಂದು ನಾನು ಚಪ್ಪಲಿ ಹುಡುಕಿದೆ.

ಆಕೆಯ ತಂದೆ ಹೆಂಡತಿಯ ಕಡೆ ತಿರುಗಿದರು. "ಇಂಥಾವ ಹೊರಗಿದ್ರ ಊರಿಗೆಲ್ಲ ಹೇಳ್ತಾನ. ಅಳಿಯ ಆದ್ರ ಮನಿ ಮರ್ಯಾದಿ ಅಂತ ಬಾಯಿ ಮುಚ್ಚಿಕೊಂಡಿರ್ತಾನ. ಲಗೂ ಮುಹೂರ್ತ ತಗಸೂಣು."

"ಮತ್ತ ನನ್ನ ಕೆಲಸ?" ಎಂದೆ.

ಉತ್ತರ ಹುಡುಗಿಯಿಂದ ಬಂತು. "ಅದು ಇರ್ಲಿ ಬಿಡ್ರಿ. ನಮ್ಮ ಚಿಗವ್ವನ ಟ್ರಂಕ್ ಒಂದು ತಪಾಸ ಮಾಡೂದೈತಿ."

ಮದುವೆ ಆಯಿತು. ಕೆಲಸ ಬಿಡಲಿಲ್ಲ. ಆಯೇರಿಯಲ್ಲಿ, ಅಂದರೆ ಮದುವೆಯ ಉಡುಗೊರೆಯಲ್ಲಿ, ಬಂದ ಖಣಗಳಲ್ಲಿ ಒಂದಕ್ಕೆ ನೀಲಿ ಗಂಟಿತ್ತು.