ತುಂಬಿದ ಕೊಡಗಳ ಸ್ವಾಗತ

ಒಣಗಿದ ನಳದ ಮುಂದೆ ಹನ್ನೊಂದು ಬರಿ ಕೊಡಗಳನ್ನು ಸಾಲಾಗಿ ಇಟ್ಟು, ಅವುಗಳ ಕಾವಲಿಗೆ ಹೆಂಡತಿಯನ್ನು ಬಿಟ್ಟು ಹೋದದ್ದೇ ಸಾತಲಿಂಗಪ್ಪನ ತಪ್ಪು.

ಅವನ ಊರು ಸೊಲ್ಲಾಪುರ ಸೀಮೆಯ ಬೋರಾಮಣಿಯಾಚೆ, ಚಿಗರಿ-ಜಿಂಕೆಗಳಿಗೆಂದು ಬೇಲಿ ಹಾಕಿ ಕಾದಿಟ್ಟ ಹುಲ್ಲುಗಾವಲಿಗೆ ಬೆನ್ನು ಹಚ್ಚಿ ಕೂತಿದೆ. ಓಣಿಗೆ ನಳ ಬಂದು ಏಳು ವರ್ಷವಾಯಿತು, ನೀರು ಮಾತ್ರ ಇನ್ನೂ ದಾರಿಯಲ್ಲಿದೆ. ಅವನ ಮಗಳು ಪ್ರಣಿತಾ ದಿನಾ ಬೆಳಿಗ್ಗೆ ಹಳ್ಳದಾಚೆಯ ಬಾವಿಗೆ ಮೂರು ಸಲ ಹೋಗಿ ಬರಬೇಕು. ಅಷ್ಟರಲ್ಲಿ ಸಾಲಿಯ ಎರಡು ತಾಸು ಮುಗಿದಿರುತ್ತವೆ. ಹೀಗೇ ಆದರೆ ಹತ್ತನೆಯ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಮಾಸ್ತರರು ಹೇಳಿ ಕಳಿಸಿದ್ದರು. ಆ ರಾತ್ರಿ ಸಾತಲಿಂಗಪ್ಪನಿಗೆ ರೊಟ್ಟಿ ಇಳಿದಿರಲಿಲ್ಲ.

ಈಗ ದೇವರು ಕಣ್ಣು ಬಿಟ್ಟಿದ್ದ. ಬೇಲಿಯಂಚಿನ ಬಡ ಊರುಗಳನ್ನು ಉದ್ಧಾರ ಮಾಡುವ ಒಂದು ಸಂಸ್ಥೆಯ ಧನರಾಜ ಸಾಹೇಬರು ಸೊಲ್ಲಾಪುರದಿಂದ ಬರುವವರಿದ್ದರು. ಸಂಸ್ಥೆ ಊರಿಗೆ ಒಂದೇ ಕೆಲಸ ಮಾಡಿಸಿಕೊಡುತ್ತಿತ್ತು, ಅದೂ ಸಾಹೇಬರು ಕಣ್ಣಾರೆ ಕಂಡ ಕೊರತೆಗೆ ಮಾತ್ರ. ಅರ್ಜಿ ಬರೆದು ಬೆರಳು ಸವೆಸಿಕೊಂಡಿದ್ದ ಸಾತಲಿಂಗಪ್ಪ, ಈ ಸಲ ಕೊಡಗಳೇ ಮಾತಾಡಲಿ ಎಂದುಕೊಂಡ. ಯಾರೂ ಮುಟ್ಟದ ಹಾಗೆ ನೋಡಿಕೋ ಎಂದು ಹೆಂಡತಿ ಕಸ್ತೂರಬಾಯಿಗೆ ಮೂರು ಸಲ ಹೇಳಿ, ಸಾಹೇಬರಿಗೆ ದಾರಿ ತೋರಿಸಲು ಅಕ್ಕಲಕೋಟ ರಸ್ತೆಗೆ ಹೋಗಿ ನಿಂತ.

ಸಾಹೇಬರು ಎರಡು ತಾಸು ತಡ ಮಾಡಿದರು. ಒಂದು ಓಣಿ ಕೆಡಲು ಅಷ್ಟು ಸಾಕು.

ಜೀಪು ಊರು ಹೊಕ್ಕಾಗ ಹನ್ನೊಂದೂ ಕೊಡಗಳು ಕಂಠಮಟ್ಟ ತುಂಬಿದ್ದವು. ಮೇಲೆ ವೀಳ್ಯದೆಲೆ, ಹೊಟ್ಟೆಗೆ ಕುಂಕುಮ. ಎದುರುಮನೆಯ ಮುದುಕಿ ಲೀಲಾಬಾಯಿ ಸೇನಾಪತಿಯ ಹಾಗೆ ಮುಂದೆ ನಿಂತಿದ್ದಳು. ಓಣಿಯವರ ಕುಡಿಯುವ ನೀರು, ದನಗಳ ನೀರು, ಬಾಣಂತಿಯ ಮನೆಯ ಬಿಸಿನೀರು, ಎಲ್ಲವನ್ನೂ ಬಳಿದು ತರಿಸಿದ್ದಳು. ಅದೂ ಸಾಲದೆ ಪ್ರಣಿತಾಳನ್ನು ಸಾಲಿಯಿಂದ ಕರೆಸಿ ಬಾವಿಗೆ ಅಟ್ಟಿದ್ದಳು.

ಸಾತಲಿಂಗಪ್ಪ ಹೆಂಡತಿಯನ್ನು ಮೂಲೆಗೆ ಎಳೆದುಕೊಂಡು ಹೋಗಿ ಹಲ್ಲು ಕಡಿದ.

“ನನಗ್ಯಾಕ ಬೈತೀರಿ?” ಎಂದಳು ಕಸ್ತೂರಬಾಯಿ. “ಬರೀ ಕೊಡ ಎದುರಾದ್ರ ಬಂದ ಕೆಲಸ ಕೆಡ್ತದಂತ ಲೀಲಾಬಾಯಿ ಅತ್ತಿ ಹೇಳಿದ್ರು. ನಮ್ಮ ನಳದ ಕೆಲಸ ಕೆಡಸಾಕ ನಾನೇನ ಹುಚ್ಚಿ ಅದೀನಿ?”

ಸಾತಲಿಂಗಪ್ಪನೂ ಎಷ್ಟೋ ಸಲ ಬರಿ ಕೊಡ ಎದುರಾಯಿತೆಂದು ಸಂತೆಗೆ ಹೊರಟವನು ಹೊಳ್ಳಿ ಬಂದಿದ್ದ.

ಅಷ್ಟರಲ್ಲಿ ಸಾಹೇಬರ ಕಾಲಿಗೆ ಎರಡು ತಂಬಿಗೆ ನೀರು ಬಿತ್ತು, ಕೈಗೆ ಬೆಲ್ಲ-ನೀರು ಬಂತು. ಬೇಡ ಎಂದಷ್ಟೂ ಹೆಂಗಸರು ಸುರಿದರು. ಸಾತಲಿಂಗಪ್ಪ ನುಗ್ಗಿ ಮುಂದೆ ಬಂದ.

“ಸಾಹೇಬ್ರ, ಇದು ನಮ್ಮ ನಳದ ನೀರಲ್ರಿ.”

ಸರಪಂಚ ಅಣ್ಣಾರಾಯ, ಊರಿನ ಮಾನ ಹೋದೀತೆಂದು, ಅವನ ಬೆನ್ನು ಚಿವುಟಿ ನಕ್ಕ. “ಭಾಳ ಸಂಭಾವಿತ ಮನಷಾ ಅದಾನ್ರಿ. ತನ್ನದಿದ್ರೂ ತನ್ನದಲ್ಲ ಅಂತಾನ.”

ಸಾತಲಿಂಗಪ್ಪನಿಗೆ ತಲೆ ಕೆಟ್ಟಿತು. ಎಡವಿದವನಂತೆ ನಟಿಸಿ ಎರಡು ಕೊಡ ಉರುಳಿಸಿಯೇಬಿಟ್ಟ. ನೀರು ಸಾಹೇಬರ ಬೂಟಿನವರೆಗೆ ಹರಿಯಿತು. ಓಣಿಯ ಎದೆ ಒಡೆದುಹೋಯಿತು, ಆದರೆ ಅತಿಥಿಯ ಮುಂದೆ ಅಳುವುದು ಹೇಗೆ? ಎಲ್ಲರೂ ನಕ್ಕರು. ಇಷ್ಟು ನೀರು ಚೆಲ್ಲಿದರೂ ನಗುವ ಊರನ್ನು ತಾವು ಕಂಡಿರಲಿಲ್ಲವೆಂದು ಸಾಹೇಬರು ವಹಿಯಲ್ಲಿ ಬರೆದುಕೊಂಡರು.

ಆಮೇಲೆ ಬೇಲಿಯ ಕಡೆ ನಡೆದರು. ಅಲ್ಲಿ ಚಿಗರಿಗಳ ಹಳೆಯ ತೊಟ್ಟಿ ಬಿರುಕು ಬಿಟ್ಟು ಒಣಗಿತ್ತು. ಎರಡು ಚಿಗರಿಗಳು ಅದರ ತಳ ನೆಕ್ಕುತ್ತಿದ್ದವು. ಪಾಪ, ಅವಕ್ಕೆ ಮನೆಗೆ ಬಂದವರನ್ನು ಸತ್ಕರಿಸುವ ರೀತಿ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೇ ತೋರಿಸಿದವು. ಸಾಹೇಬರ ಕಣ್ಣು ಒದ್ದೆಯಾದವು.

“ನಿಮಗ ದೇವರು ಭರಪೂರ ಕೊಟ್ಟಾನ,” ಎಂದರು. “ಈ ಮೂಕ ಪ್ರಾಣಿಗೋಳಿಗಿ ಯಾರದಾರ? ಪಂಪು, ಪೈಪು ಎಲ್ಲಾ ಈ ತೊಟ್ಟಿಗೇ ಮಾಡೋಣ.”

ಊರು ಚಪ್ಪಾಳೆ ತಟ್ಟಿತು. ಅತಿಥಿ ಮಾತು ಮುಗಿಸಿದಾಗ ತಟ್ಟದೆ ಇರುವುದು ಅಮರ್ಯಾದೆ. ಪಂಪು ಬರುವ ತನಕ ತೊಟ್ಟಿಗೆ ನೀರು ಯಾರು ಹಾಕುತ್ತಾರೆ ಎಂದು ಸಾಹೇಬರು ಕೇಳಿದರು. ಅಣ್ಣಾರಾಯ ಒಂದು ಗಳಿಗೆಯೂ ಯೋಚಿಸಲಿಲ್ಲ.

“ಸಾತಲಿಂಗಪ್ಪ ಅದಾನಲ್ರಿ. ಅವನ ಮನಿ ಬೇಲಿ ದಂಡ್ಯಾಗೇ ಅದ.”

ಸಾತಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ತಲೆಗೆ ಟೋಪಿ, ಹೆಗಲಿಗೆ ಟಾವೆಲು, ಕೈಗೆ ತೆಂಗಿನಕಾಯಿ ಬಂದವು. ಸತ್ಕಾರ ಮಾಡಿಸಿಕೊಂಡ ಮೇಲೆ ಇಲ್ಲ ಎನ್ನುವುದು ಆ ಸೀಮೆಯಲ್ಲಿ ಹುಟ್ಟಿದವನಿಂದ ಆಗದ ಮಾತು. ಅವನು ಕೈ ಮುಗಿದ.

ಜೀಪು ಹೋದ ಮೇಲೆ ಪ್ರಣಿತಾ ಬಾವಿಯಿಂದ ಬಂದು ಕೊಡ ಇಳಿಸಿ ಕೇಳಿದಳು, “ಅಪ್ಪಾ, ನೀರ ಬರ್ತಾವಂತ?”

“ಬರ್ತಾವವ್ವಾ,” ಎಂದ ಅವನು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಮರುದಿನ ಪ್ರಣಿತಾ ಬಾವಿಗೆ ಐದು ಸಲ ಹೋದಳು. ಮೂರು ಸಲ ಮನೆಗೆ, ಎರಡು ಸಲ ಚಿಗರಿಗಳಿಗೆ.