ಯಾರಿಗೂ ಬೇಡದ ಗಂಟೆ

ಎಪ್ಪತ್ತಮೂರನೇ ಇಸವಿಯ ಬೇಸಿಗೆಯಲ್ಲಿ ರಾಜಾಜಿನಗರದ ಕರೆಂಟಿಗೆ ಹೊತ್ತುಗೊತ್ತು ಅನ್ನುವುದೇ ಇರಲಿಲ್ಲ. ಗಂಗಾಧರಯ್ಯನವರು ತಮ್ಮ ಕಲ್ಯಾಣಮಂಟಪಕ್ಕೆ ಜನರೇಟರ್ ತರಿಸಿದಾಗ ಕಾಮಾಕ್ಷಿಪಾಳ್ಯದಿಂದಲೂ ಜನ ನೋಡಲು ಬಂದರು. ಏನು ಸಂಭ್ರಮ ಅಂತೀರಿ! ಕೆಲವರು ಅದಕ್ಕೆ ವಿಭೂತಿ ಬಳಿದು ಕೈಮುಗಿದೂ ಹೋದರು.

ಅದನ್ನು ನೋಡಿಕೊಳ್ಳಲು ಸೇರಿದವನು ಪಂಚಾಕ್ಷರಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದೆ ಹೆಣ್ಣು ಕೊಡುವುದಿಲ್ಲವೆಂದು ಅವನ ಸೋದರಮಾವ ಪಟ್ಟು ಹಿಡಿದಿದ್ದ.

"ಇವತ್ತಿನ ಮದುವೇಲಿ ಮಂಟಪದ ಮರ್ಯಾದೆ ಉಳಿಸು, ಕಾಯಂ ಮಾಡ್ತೀನಿ ಕಣಯ್ಯ," ಎಂದರು ಗಂಗಾಧರಯ್ಯ.

ಪಂಚಾಕ್ಷರಿ ಬೆಳಿಗ್ಗೆಯೇ ತಂತಿ ಹಿಡಿದು ಕೂತ. ಎಂಜಿನ್ ತೀರಾ ಕಾದರೆ ಬಡಿದುಕೊಂಡು ಎಚ್ಚರಿಸಲು ಒಂದು ಕರೆಂಟಿನ ಗಂಟೆ ಕಟ್ಟಿದ. ಭಾರ ಹೆಚ್ಚಾದರೆ ಒಂದು ಲೈನು ತಾನಾಗಿಯೇ ಕಡಿದುಕೊಂಡು ಉಳಿದವು ನಡೆಯಬೇಕು. ಹಾಗೆ ಕಡಿಯಲು ಬೀಗರ ಕೋಣೆಯ ಫ್ಯಾನುಗಳ ಲೈನನ್ನು ಆಯ್ದುಕೊಂಡ.

ಅದು ಹೇಗೆ ತಿಳಿಯಿತೋ, ಗಂಡಿನ ಸೋದರತ್ತೆ ದಾವಣಗೆರೆಯ ಶಾಂತವ್ವ ಬಂದೇಬಿಟ್ಟರು. "ಫ್ಯಾನ್ ನಿಂತ್ರ ನಮ್ಮ ಹುಡುಗನ್ನ ಕರ್ಕೊಂಡು ಹೊಂಟ್ವಿ ನೋಡು ತಮ್ಮಾ!"

ರುಬ್ಬುವ ಮಿಷನ್ನಿನ ಲೈನಿಗೆ ಕೈ ಹಾಕಿದರೆ ಅಡುಗೆಯ ಕೆಂಚಪ್ಪ ಸೌಟು ಹಿಡಿದೇ ಓಡಿಬಂದ. "ವಡೆ ಹಿಟ್ಟು ಅರ್ಧಕ್ಕೆ ನಿಂತ್ರೆ ನೀನ್ ಬಂದು ಒರಳಲ್ಲಿ ರುಬ್ತೀಯೇನೋ?"

ಮೈಕಿನ ಲೈನಿಗೆ ಹೋದರೆ ಹೆಣ್ಣಿನ ತಂದೆ ಚನ್ನವೀರಪ್ಪ ಕೈ ಹಿಡಿದುಕೊಂಡರು. "ಮೈಕ್ ಇಲ್ದೆ ಮದುವೇನಾ? ಬೀದಿಗೆಲ್ಲ ಕೇಳ್ಬೇಕಪ್ಪಾ!"

"ಸಾರ್, ಏನಾದ್ರೂ ಒಂದನ್ನ ಕಡೀಲೇಬೇಕು," ಎಂದು ಪಂಚಾಕ್ಷರಿ ಗಂಗಾಧರಯ್ಯನವರ ಹತ್ತಿರ ಗೋಗರೆದ.

"ಯಾರಿಗೂ ಬೇಡದ್ದನ್ನ ಕಡಿಯಯ್ಯ. ನನ್ನ ತಲೆ ತಿನ್ಬೇಡ."

ಯಾರಿಗೂ ಬೇಡದ್ದು ಆ ಮಂಟಪದಲ್ಲಿ ಒಂದೇ, ಗಂಟೆ. ಬೆಳಿಗ್ಗೆ ಪರೀಕ್ಷೆಗೆಂದು ಬಾರಿಸಿದಾಗ ಎಲ್ಲರೂ ಅದಕ್ಕೆ ಶಾಪ ಹಾಕಿದ್ದರು. ಬಡಪಾಯಿ ಅದನ್ನೇ ಭಾರ ಹೆಚ್ಚಾದರೆ ಕಡಿದುಕೊಳ್ಳುವ ಲೈನಿಗೆ ಸೇರಿಸಿದ.

ಮುಹೂರ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಜನರೇಟರ್ ಗುಡುಗಿತು. ಫ್ಯಾನು, ಮೈಕು, ರುಬ್ಬುವ ಮಿಷನ್ನು ಎಲ್ಲ ಒಟ್ಟಿಗೆ ಎಳೆದವು. ಭಾರ ಹೆಚ್ಚಾದದ್ದೇ ತಡ, ಹೊಸ ಸೊಸೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವಂತೆ ಅದು ಗಂಟೆಯನ್ನು ಕಡಿದು ಹಾಕಿತು. ಎಂಜಿನ್ ಕಾದು ಕೆಂಡವಾದರೂ ಕೂಗಿ ಹೇಳುವವರಿಲ್ಲ. ಪಂಚಾಕ್ಷರಿ ಆಗ ಫ್ಯಾನನ್ನು ಶಾಂತವ್ವನವರ ಕಡೆಗೆ ತಿರುಗಿಸಿ ಕೂರಿಸಲು ಏಣಿ ಹತ್ತಿದ್ದ. ಎರಡು ಸಲ ಕೆಮ್ಮಿ ಜನರೇಟರ್ ಮಲಗಿತು.

ಮುಗೀತು ನನ್ನ ಕತೆ ಎಂದುಕೊಂಡು ಅವನು ಏಣಿ ಇಳಿದ.

ಆದರೆ ಆದದ್ದೇ ಬೇರೆ. ಯಾರೋ ಕಿಟಕಿಗಳನ್ನೆಲ್ಲ ತೆರೆದರು, ಹೊಂಗೆ ಮರದ ಗಾಳಿ ಒಳಗೆ ಬಂತು. ಮೈಕಿನ ಕಿರುಚಾಟ ನಿಂತು ನಾದಸ್ವರ ಇದ್ದ ಹಾಗೇ ಕೇಳಿಸಿತು. ಬೆಳಗಿನಿಂದ ಮುಖ ತಿರುಗಿಸಿಕೊಂಡಿದ್ದ ಬೀಗಿತ್ತಿಗೆ, ಅಂದರೆ ಹೆಣ್ಣಿನ ತಾಯಿಗೆ, ಶಾಂತವ್ವ ತಾವೇ ಬೀಸಣಿಗೆ ಬೀಸಿದರು. ಹೆಂಗಸರು ಅಡುಗೆಮನೆಗೆ ನುಗ್ಗಿ ಸೋಬಾನೆ ಹಾಡುತ್ತ ಒರಳಲ್ಲಿ ಹಿಟ್ಟು ರುಬ್ಬಿದರು. ಅಯ್ಯೋ, ಅಂಥ ಮದುವೆ, ಅಂಥ ನಗು ಈಗೆಲ್ಲಿ ಬರಬೇಕು!

ಊಟವಾದ ಮೇಲೆ ಗಂಗಾಧರಯ್ಯ ಬಂದು ಅವನ ಬೆನ್ನು ತಟ್ಟಿದರು. "ಭೇಷ್ ಕಣಯ್ಯ! ಎಲ್ರೂ ಹೊಗಳಿದ್ದೇ ಹೊಗಳಿದ್ದು. ಇಂಥ ಮದುವೆ ನಮ್ಮ ಮಂಟಪದಲ್ಲಿ ಆಗೇ ಇಲ್ಲ."

ಪಂಚಾಕ್ಷರಿಗೆ ಕಣ್ಣು ತುಂಬಿ ಬಂತು. "ಹಂಗಾದ್ರೆ ನನ್ನ ಕೆಲಸ ಕಾಯಂ ಆಯ್ತಾ ಸಾರ್?"

"ಯಾವ ಕೆಲಸವಯ್ಯ? ಜನರೇಟರ್ ಇಲ್ದಿದ್ರೇ ಮದುವೆ ಚೆಂದ ಅಂತ ಗೊತ್ತಾಯ್ತಲ್ಲ! ನಾಳೆನೇ ಅದನ್ನ ಮಾರಿಬಿಡ್ತೀನಿ. ನೀನು ಊಟ ಮಾಡ್ಕೊಂಡೇ ಹೋಗಪ್ಪ, ವಡೆ ಬಲು ಚೆನ್ನಾಗಾಗಿದೆ."